ನಾನು ಆರಿಸಿಕೊಟ್ಟ ಪರೀಕ್ಷೆ

ಗಿರಿಜಾ, ಮೂರು ವರ್ಷದ ಹಿಂದೆ ಆ ಇಂಗ್ಲಿಷ್ ಪರೀಕ್ಷೆಯಲ್ಲಿ ನಿನ್ನನ್ನು ಫೇಲ್ ಮಾಡಿಸಿದವಳು ನಾನು. ತಿಳಿಯದೆ ಅಲ್ಲ — ತಿಳಿದೇ. ನಿನಗೆ ಯಾವುದು ಒಗ್ಗುವುದಿಲ್ಲವೋ ಅದನ್ನೇ ಆರಿಸಿ ಕೈಗೆ ಕೊಟ್ಟೆ. ನೀನು ಅದನ್ನು ಅತ್ತಿಗೆಯ ಕಾಳಜಿ ಅಂದುಕೊಂಡೆ. ನಾನೂ ಹಾಗೇ ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ.

ಕಾಳಜಿಗೇನು, ನನ್ನಲ್ಲಿ ಅದೊಂದಕ್ಕೆ ಬರವಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗೂಡಲೂರು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಬರುವವಳು. ನಿಮ್ಮಣ್ಣ ಅಂಗಡಿಗೆ ತರಕಾರಿ ತರಲು ಗುಂಡ್ಲುಪೇಟೆಗೆ ಹೊರಟರೆ, ದಾರಿಯ ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದೂ ಫೋನು ಒತ್ತುತ್ತಲೇ ಇರುವವಳು. ಇಂಥವಳು ಕೆಡುಕು ಮಾಡಿದರೂ ಅದು ಕಾಳಜಿಯ ಹಾಗೇ ಕಾಣುತ್ತದೆ. ಅದು ನನಗೆ ಒಳ್ಳೆಯ ಅನುಕೂಲವಾಯಿತು.

ಆ ದಿನ ನೀನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದೆ. ನಾನು ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ನೋಟ್ಸ್ ತಿದ್ದುತ್ತಾ ಕೂತಿದ್ದೆ. ನ್ಯೂಜಿಲೆಂಡಿನ ಆಸ್ಪತ್ರೆಯವರು ನಿನ್ನನ್ನು ನರ್ಸಾಗಿ ತೆಗೆದುಕೊಳ್ಳಲು ಒಪ್ಪಿದ್ದರು. ಇಂಗ್ಲಿಷ್ ಪರೀಕ್ಷೆಯ ಅಂಕ ಮಾತ್ರ ಬಾಕಿ. ಎರಡು ಪರೀಕ್ಷೆಗಳಲ್ಲಿ ಯಾವುದಾದರೂ ಆದೀತು. ಆದರೆ ಅವರು ಕೊಟ್ಟ ಗಡುವಿನೊಳಗೆ ಒಂದೇ ಒಂದು ಸಲ ಬರೆಯಲು ಸಮಯವಿತ್ತು.

"ಅತ್ತಿಗೆ, ಒಂದರಲ್ಲಿ ಎದುರಿಗೆ ಮನುಷ್ಯರು ಕೂತು ಮಾತಾಡಿಸ್ತಾರಂತೆ. ಇನ್ನೊಂದರಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕಂಪ್ಯೂಟರಿಗೇ ಮಾತಾಡಬೇಕಂತೆ. ನನಗೆ ಮೊದಲನೇದೇ ಸರಿ ಅನ್ನಿಸ್ತದೆ. ನೀವು ಇಂಗ್ಲಿಷ್ ಟೀಚರು, ನೀವು ಹೇಳಿ."

ನನಗೂ ಹಾಗೇ ಅನ್ನಿಸಿತ್ತು. ಅನ್ನಿಸಿದ್ದೇನು, ಕಣ್ಣಾರೆ ಕಂಡಿದ್ದೆ. ಮಸಿನಗುಡಿಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡ ಆ ವಿದೇಶಿ ಮುದುಕಿಯನ್ನು ನಿಮ್ಮ ಆಸ್ಪತ್ರೆಗೆ ತಂದಿದ್ದ ದಿನ, ನಿನಗೆ ಊಟದ ಡಬ್ಬಿ ಕೊಡಲು ಬಂದವಳು ಬಾಗಿಲಲ್ಲೇ ನಿಂತೆ. ನಮ್ಮ ಊರಿನವರೆಲ್ಲ ಮಾಡುವುದನ್ನೇ ನೀನು ಮಾಡುತ್ತಿದ್ದೆ — ಎದುರಿಗಿರುವವರ ಮುಖ ನೋಡಿ ಮಾತು ಶುರುಮಾಡುವುದು. ತಮಿಳೋ, ಮಲಯಾಳವೋ, ಕನ್ನಡವೋ, ಬಡಗವೋ, ಮುಖ ನೋಡದೆ ಗೂಡಲೂರಿನಲ್ಲಿ ಯಾರು ಬಾಯಿ ತೆರೆಯುತ್ತಾರೆ? ಆಕೆಯ ಹುಬ್ಬು ಗಂಟಾದರೆ ನೀನು ಮಾತು ಬದಲಿಸುತ್ತಿದ್ದೆ. ಸಡಿಲವಾದರೆ ಮುಂದೆ ಹೋಗುತ್ತಿದ್ದೆ. ಡಾಕ್ಟರು ಮೂಳೆ ಕೂಡಿಸುವಾಗ ಆಕೆ ನಿನ್ನ ಕೈ ಹಿಡಿದು ನಗುತ್ತಿದ್ದಳು. ನಾನು ನಿಂತು ನಿನ್ನ ವ್ಯಾಕರಣದ ತಪ್ಪು ಎಣಿಸುತ್ತಿದ್ದೆ. ನಾಲ್ಕು ಸಿಕ್ಕವು.

ಎದುರಿಗೆ ಮನುಷ್ಯರು ಕೂರುವ ಪರೀಕ್ಷೆಯನ್ನು ನೀನು ಪಾಸು ಮಾಡುತ್ತಿದ್ದೆ. ಅದೇ — ಅದೇ ನನಗೆ ಬೇಡವಾಗಿತ್ತು.

ಯಾಕೆಂದರೆ ಆ ಪರೀಕ್ಷೆಗೆ ನಾನು ಕೂತಿದ್ದೆ ಗಿರಿಜಾ. ನೀನು ಕೇಳುವುದಕ್ಕೆ ಎಂಟು ವರ್ಷ ಮೊದಲು. ಕೊಯಮತ್ತೂರಿಗೆ ಪೇಪರ್ ತಿದ್ದುವ ಡ್ಯೂಟಿ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋಗಿದ್ದೆ. ಮಾಲ್ಡೀವ್ಸ್‌ನ ಶಾಲೆಯಲ್ಲಿ ಕೆಲಸ ಸಿಕ್ಕರೆ ಎಲ್ಲರ ಮುಂದೆ ಪತ್ರ ಹಿಡಿದು ನಿಲ್ಲಬೇಕು ಎಂಬ ಆಸೆ. ಎದುರಿಗೆ ಕೂತ ಹೆಂಗಸು ನಮ್ಮ ಊರಿನ ಬಗ್ಗೆ ಕೇಳಿದರು. ಗೂಡಲೂರಿನವಳು ನಾನು, ಊಟಿಯ ಸೌಂದರ್ಯದ ಮೇಲೆ ಎರಡು ಪುಟ ಬಾಯಿಪಾಠ ಮಾಡಿಕೊಂಡಿದ್ದೆ, ಒಪ್ಪಿಸತೊಡಗಿದೆ. ಅವರು ನಡುವೆ ತಡೆದು ಮೆಲ್ಲಗೆ ಕೇಳಿದರು — ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ? ಅಷ್ಟೇ. ಮಳೆಗಾಲದಲ್ಲಿ ಏನು ಮಾಡುತ್ತೇವೆ ಎಂದು ಇಂಗ್ಲಿಷ್ ಟೀಚರಾದ ನನ್ನಿಂದ ಹೇಳಲಾಗಲಿಲ್ಲ. ಫೇಲಾದ ಅಂಕಪಟ್ಟಿ ಬಂದಾಗ ಚೂರು ಮಾಡಿದೆ. ಮರುದಿನ ಸ್ಕೂಲಿಗೆ ಹೋಗಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತಾಡಿ ಎಂದು ಬೋಧಿಸಿದೆ.

ನಾನು ಬಿದ್ದ ಜಾಗದಲ್ಲಿ ನೀನು, ನಾಲ್ಕು ತಪ್ಪಿನ ಇಂಗ್ಲಿಷಿನವಳು, ನಗುತ್ತಾ ದಾಟಿಬಿಟ್ಟರೆ —

ಅದಕ್ಕೇ ಹೇಳಿದೆ: "ಮೊದಲನೇದು ಬೇಡ ಗಿರಿಜಾ. ನಿನ್ನ ಮುಖ ನೋಡಿದ ಕೂಡಲೇ ಅವರು ಮಾರ್ಕು ತೀರ್ಮಾನ ಮಾಡಿಬಿಡ್ತಾರೆ. ಮಷೀನಿಗೆ ಆ ಭೇದ ಇಲ್ಲ."

ನಿನ್ನ ಮುಖ ನೋಡಿದ ಕೂಡಲೇ. ಎಂಥ ಮಾತು ನೋಡು. ನೀನು ತಲೆಯಾಡಿಸಿದೆ.

ಆಮೇಲೂ ತಿದ್ದಿಕೊಳ್ಳಲು ಅವಕಾಶವಿತ್ತು. ಮನೆಯಲ್ಲಿ ಫೋನಿನ ಮುಂದೆ ಅಭ್ಯಾಸಕ್ಕೆ ಕೂರಿಸಿದೆ. ಪ್ರಶ್ನೆ ಬಂದಾಗಲೆಲ್ಲ ನೀನು ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದೆ. "ಅತ್ತಿಗೆ, ಇದಕ್ಕೆ ಯಾರು ಹ್ಞೂಂ ಅನ್ನೋದು? ಗೋಡೆ ಹತ್ತಿರ ಮಾತಾಡಿದ ಹಾಗೆ ಆಗ್ತದೆ" ಎಂದು ನಗುತ್ತಿದ್ದೆ. ನಿನಗೆ ರೂಢಿಯಾಗಲಿ ಎಂದು ನಾನು ಗೋಡೆಯ ಕಡೆ ತಿರುಗಿ ಕೂತೆ. ನನ್ನ ಬೆನ್ನಿನ ಹಿಂದೆ ನಿನ್ನ ಮಾತು ತಡವರಿಸಿ ನಿಲ್ಲುವುದು ಕೇಳಿಸುತ್ತಿತ್ತು. ನಾನು ತಿರುಗಲಿಲ್ಲ.

ಪರೀಕ್ಷೆಯ ದಿನ ಏನಾಯಿತೆಂದು ನೀನೇ ಹೇಳಿದೆ. ಸುತ್ತ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಪರದೆಗೆ ಮಾತಾಡುತ್ತಿದ್ದರಂತೆ. ನೀನು ಬಾಯಿ ತೆರೆಯುವಷ್ಟರಲ್ಲಿ ಮೈಕ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತಂತೆ. ಫಲಿತಾಂಶ ಬಂದಾಗ ನೀನು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ನೀನೋ —

"ಮಾಫ್ ಮಾಡಿ ಅತ್ತಿಗೆ. ಅಷ್ಟು ದಿನ ಹೇಳಿಕೊಟ್ರಿ, ನಿಮ್ಮ ಮರ್ಯಾದೆ ಕಳೆದೆ."

ಆಗ ನಾನು ನಿನ್ನ ಬೆನ್ನು ಸವರಿ ಅಂದೆ, "ಹೋಗ್ಲಿ ಬಿಡು, ಇಂಗ್ಲಿಷು ಎಲ್ಲರಿಗೂ ಬರೋದಲ್ಲ." ಪರೀಕ್ಷೆಗಿಂತ ಇದು ದೊಡ್ಡ ತಪ್ಪು. ನ್ಯೂಜಿಲೆಂಡಿನ ಕೆಲಸ ಬೇರೆಯವರ ಪಾಲಾಯಿತು, ಅದು ಒಂದು. ಆದರೆ ಅಂದಿನಿಂದ ನೀನು ಇಂಗ್ಲಿಷ್ ಮಾತಾಡುವವರು ಬಂದರೆ ವಾರ್ಡಿನ ಹಿಂದಕ್ಕೆ ಸರಿಯುತ್ತೀಯಂತೆ; ಜೂನಿಯರನ್ನು ಮುಂದೆ ತಳ್ಳುತ್ತೀಯಂತೆ.

ಇದನ್ನು ಹೇಳಿದ್ದು ಆ ಜೂನಿಯರೇ, ನಿನ್ನನ್ನು ಅಕ್ಕನ ಹಾಗೆ ಚೇಚಿ ಎನ್ನುವ ನಿನ್ನ ಜಿನ್ಸಿ. ಹೋದ ಭಾನುವಾರ ನೀನೇ ಅವಳನ್ನು ನನ್ನ ಹತ್ತಿರ ಕಳಿಸಿದೆ — ಯಾವ ಪರೀಕ್ಷೆ ಬರೆಯಲಿ ಎಂದು ಕೇಳಲು. ಹುಡುಗಿ ಹತ್ತು ನಿಮಿಷ ಹರಟಿದಳು, ನನ್ನ ಮುಖ ನೋಡುತ್ತಾ. ನಾನು ಹೇಳಿದೆ, "ನೀನು ಮನುಷ್ಯರ ಎದುರು ಕೂರೋದನ್ನೇ ತಗೋ. ನಿನ್ನ ಥರದವರಿಗೆ ಅದೇ ಸರಿ."

ಅವಳು ಚಹಾ ಲೋಟ ಕೆಳಗಿಟ್ಟಳು. "ಪಿನ್ನೆ, ಮತ್ತೆ ಗಿರಿಜಾ ಚೇಚೀನ ಯಾಕೆ ಮಷೀನಿಗೆ ಕಳಿಸಿದ್ರಿ ಟೀಚರೇ? ನನಗೆ ಪೇಶೆಂಟ್ ಹತ್ತಿರ ಮಾತಾಡೋದು ಕಲಿಸಿದ್ದೇ ಚೇಚಿ ಅಲ್ವಾ?"

ಮಳೆಗಾಲದ ಪ್ರಶ್ನೆಗಾದರೂ ಇಂಗ್ಲಿಷಿನಲ್ಲಿ ಉತ್ತರ ಗೊತ್ತಿರಲಿಲ್ಲ ಎನ್ನಬಹುದು. ಇದಕ್ಕೆ ಗೊತ್ತಿತ್ತು.

ನಿಮ್ಮಣ್ಣನಿಗೆ ಎಲ್ಲ ಹೇಳಿದೆ, ಕೊಯಮತ್ತೂರಿನ ಸುಳ್ಳೂ ಸೇರಿ. ಅವರು ಕೂಗಾಡಲಿಲ್ಲ. "ನನಗೆ ಯಾಕೆ ಹೇಳ್ತೀಯ? ಅವಳಿಗೆ ಹೇಳು" ಎಂದು ಎದ್ದು ಅಂಗಡಿಗೆ ಹೋದರು.

ನಾಳೆ ನಿನ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಆಸ್ಪತ್ರೆಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಓಡಿಹೋಗುವುದಿಲ್ಲ. ನೀನು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ. ಆಮೇಲೆ ಜಿನ್ಸಿಯ ಮುಂದೆ, ಅಲ್ಲಿರುವವರೆಲ್ಲರ ಮುಂದೆ ಹೇಳುತ್ತೇನೆ — ಇಂಗ್ಲಿಷ್ ಬಾರದೆ ಫೇಲಾದವಳು ನಮ್ಮ ಮನೆಯಲ್ಲಿ ಒಬ್ಬಳೇ, ಅದು ನೀನಲ್ಲ. ಆಮೇಲೆ ನೀನು ನನ್ನನ್ನು ಅತ್ತಿಗೆ ಎನ್ನದಿದ್ದರೆ, ಯಾಕೆ ಎಂದು ಕೇಳುವ ಹಕ್ಕು ನನಗಿಲ್ಲ.