ಮೂರನೆಯ ಕೆಂಪು

ಮರೆಮ್ಮ ಕೊಪ್ಪಳದ ಕಂಬಳಿ ನೇಕಾರರ ಮಗಳು. 2003ರಲ್ಲಿ ಕಾಪುವಿನ ನಮ್ಮ ಮನೆಯ ಗಾರೆ ಕೆಲಸಕ್ಕೆ ಬಂದಿದ್ದಳು. ಒಂದು ದಿನ ನನ್ನ ಗಂಡ ಶೇಕಬ್ಬ ಮಸ್ಕತ್‌ನಿಂದ ತಂದಿದ್ದ ಹಳೆಯ ರತ್ನಗಂಬಳಿಯನ್ನು ಬಿಸಿಲಿಗೆ ಹಾಕಿದ್ದೆ. ಅಲೆಮಾರಿ ಕುರಿಗಾಹಿಗಳು ಗಂಟು ಗಂಟಾಗಿ ನೇಯ್ದದ್ದಂತೆ. ನಡುವೆ ಹುಳ ತಿಂದ ತೂತು; ಕೆಂಪು ಬಣ್ಣವೂ ಅರ್ಧದಿಂದಾಚೆ ಬೇರೆಯೇ.

“ನಮ್ಮವರಿಗೆ ಯಾರೋ ಟೋಪಿ ಹಾಕಿದ್ದಾರೆ ಮಾರಾಯ್ತಿ” ಎಂದೆ.

ಮರೆಮ್ಮ ಸಿಮೆಂಟಿನ ಕೈ ತೊಳೆದು ಬಂದು ಉಣ್ಣೆಯನ್ನು ಸವರಿದಳು. “ಟೋಪಿ ಅಲ್ರಿ ಅಕ್ಕಾರ. ಕುರಿ ಹಿಂದ ತಿರುಗೋ ಮಂದಿ. ಇಲ್ಲೀತನಕ ಒಂದೂರಿನ ನೀರಾಗ ಬಣ್ಣ ಕಾಸ್ಯಾರ, ಮುಂದಿಂದು ಇನ್ನೊಂದೂರಾಗ.”

ದೀಪಾವಳಿಗೆ ಊರಿಗೆ ಹೋದವಳು ತಾನೇ ನೂತ ಉಣ್ಣೆ ತಂದಳು. ನಮ್ಮ ಬಾವಿಯ ನೀರಿನಲ್ಲಿ ಅದಕ್ಕೆ ಬಣ್ಣ ಕಾಸಿ, ಗಂಟು ಬಿಗಿದು ತೂತು ಮುಚ್ಚಿದಳು.

ನೋಡಿದವರೆಲ್ಲ ಆ ತೇಪೆಯ ಬಣ್ಣ ಹೊಂದುವುದಿಲ್ಲ ಎನ್ನುತ್ತಾರೆ. ಹೇಗೆ ಹೊಂದೀತು? ಅದು ಕಾಪುವಿನ ಕೆಂಪು.