ಅಪ್ಪ, ಅತ್ತೆ ಮತ್ತು ಜಪಾನು

ಜಪಾನು ಎಲ್ಲಿದೆ ಎಂದು ಕೇಳಿದರೆ ನಮ್ಮಪ್ಪ ಪಕ್ಕದೂರು ಮೂಡಲಗಿಯ ಆಚೆಗೆ ಎಲ್ಲೋ ಎನ್ನುವಂತೆ ಕೈ ಬೀಸುತ್ತಿದ್ದ. ಆದರೆ ಜಪಾನಿನ ಕಷ್ಟ ಮಾತ್ರ ಅವನಿಗೆ ತನ್ನ ಹೊಟ್ಟೆನೋವಿನಷ್ಟೇ ಚೆನ್ನಾಗಿ ಗೊತ್ತಿತ್ತು. ಗೋಕಾಕದ ಪೇಟೆಗೆ ಬೆಲ್ಲ ಹಾಕಲು ಹೋದಾಗಲೆಲ್ಲ ದಲಾಲಿ ಅಂಗಡಿಯಿಂದ ಹಳೆಯ ಪತ್ರಿಕೆಗಳ ಕಟ್ಟು ಹೊತ್ತು ತರುತ್ತಿದ್ದ. ಅವನಿಗೋ ಅಕ್ಷರ ಬಾರದು. ನಾಲ್ಕು ವರ್ಷ ಸಾಲಿಗೆ ಹೋದ ತಪ್ಪಿಗೆ ಓದುವ ಕೆಲಸ ನನ್ನ ಪಾಲಿಗೆ ಬಂತು. ಹದಿನಾರು ತುಂಬಿದ ಹುಡುಗಿ ರೊಟ್ಟಿ ಬಡಿಯುವುದು ಬಿಟ್ಟು ಮಂಚೂರಿಯಾ, ಮಂಗೋಲಿಯಾ ಎಂದು ನಾಲಿಗೆ ಮುರಿದುಕೊಳ್ಳಬೇಕು!

ಆಗ ಜಪಾನು ಚೀನದೊಳಗೆ ನುಗ್ಗಿತ್ತು. ಯಾಕಪ್ಪಾ ನುಗ್ಗಿದಿರಿ ಎಂದರೆ ಅವರದು ಒಂದೇ ಉತ್ತರ: ಸುತ್ತ ವೈರಿಗಳಿದ್ದಾರೆ, ನಾವು ಸುರಕ್ಷಿತವಾಗಿರಬೇಕಲ್ಲ. ಮೊದಲು ಕೊರಿಯಾ ಬೇಕಾಯಿತು. ಕೊರಿಯಾ ಕಾಯಲು ಮಂಚೂರಿಯಾ, ಮಂಚೂರಿಯಾ ಕಾಯಲು ಚೀನ. ಆ ಕಡೆಯಿಂದ ರಷ್ಯದವರು ಗುರಾಯಿಸುತ್ತಾರೆ ಎಂಬ ಪುಕಾರು ಬೇರೆ. ಹಾಗಾದರೆ ಇದು ಎಲ್ಲಿಗೆ ಮುಗಿಯುತ್ತದೆ ಎಂದು ನಾನು ಸಿಡುಕಿದರೆ ಅಪ್ಪ ನನ್ನನ್ನೇ ದಡ್ಡಿ ಮಾಡುತ್ತಿದ್ದ. ಮೇಲಕ್ಕೆ ಬರುವವನನ್ನು ಕಂಡರೆ ಬಾಜೂದವರಿಗೆ ಹೊಟ್ಟೆಯುರಿ, ಅವರು ಕೈ ಎತ್ತುವ ಮೊದಲೇ ಇವನು ಗಟ್ಟಿಯಾಗಬೇಕು, ಇಷ್ಟೂ ತಿಳಿಯದೆ ಅದೇನು ಸಾಲಿ ಕಲಿತೆ ಎನ್ನುತ್ತಿದ್ದ.

ನಮ್ಮ ಮಸಗುಪ್ಪಿಯಲ್ಲಿ ಮೇಲಕ್ಕೆ ಬರುತ್ತಿದ್ದವನು ಅಪ್ಪನೇ. ಎರಡು ವರ್ಷ ಬೆಲ್ಲ ಕೈ ಹಿಡಿದಿತ್ತು. ನಮ್ಮ ಹೊಲದ ಪಕ್ಕ ಒಬ್ಬ ಮುದುಕನ ಎರಡೆಕರೆ, ಅದರಾಚೆ ನನ್ನ ಅತ್ತೆಯ ಹೊಲ. ಅತ್ತೆ ಎಂದರೆ ಅಪ್ಪನ ಒಡಹುಟ್ಟಿದ ತಂಗಿ. ಗಂಡ ತೀರಿಹೋದ ಮೇಲೆ ಒಬ್ಬನೇ ಮಗನನ್ನು ಕಟ್ಟಿಕೊಂಡು ಸಾಗುವಳಿ ಮಾಡುತ್ತಿದ್ದಳು. ಆ ಮಗನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನನಗೂ ಅವನು ಬೇಕಾಗಿದ್ದ. ಈ ವಯಸ್ಸಿನಲ್ಲಿ ಹೇಳಲು ನಾಚಿಕೆಯೇನು? ಬಹಳ ಬೇಕಾಗಿದ್ದ.

ಎರಡೂ ಮನೆಗಳದು ಮುಯ್ಯಿ. ನಮ್ಮ ಕಬ್ಬಿನ ಗಾಣಕ್ಕೆ ಅವರ ಎತ್ತು, ಅವರ ಕೈಗಳು ಬರುತ್ತಿದ್ದವು. ನಮ್ಮದು ಮುಗಿದರೆ ನಾವೆಲ್ಲ ಅವರ ಗಾಣಕ್ಕೆ. ಪಗಾರದ ಮಾತಿಲ್ಲ.

ಆ ಸುಗ್ಗಿಗೆ ಅಪ್ಪ ಮುದುಕನ ಎರಡೆಕರೆ ಕೊಂಡ. ಯಾಕೆಂದು ಕೇಳಿದೆ. ನಾಳೆ ಅತ್ತೆಯ ಮಗ ಕೊಂಡುಬಿಟ್ಟರೆ ನಮ್ಮ ಬಾವಿಯ ತಲೆಯ ಮೇಲೇ ಬಂದು ಕೂತಂತೆ ಎಂದ. ಅವನು ಕೊಳ್ಳುತ್ತೇನೆಂದು ಯಾರ ಹತ್ತಿರ ಹೇಳಿದ್ದನೋ ದೇವರಿಗೇ ಗೊತ್ತು. ಕೊಂಡದ್ದನ್ನು ಕಾಯಬೇಕಲ್ಲ, ಅತ್ತೆಯ ಬದುವಿಗೆ ಮುಳ್ಳುಬೇಲಿ ಬಿತ್ತು. ಅವರ ಚಕ್ಕಡಿ ದಾರಿ ಮುಚ್ಚಿಹೋಯಿತು. ಮತ್ತೊಬ್ಬರ ಹಂಗೇಕೆ ಎಂದು ಇನ್ನೊಂದು ಜೋಡಿ ಎತ್ತು ತಂದು, ಈ ಸಲ ನಿಮ್ಮ ಎತ್ತು ಬೇಡ ಎಂದು ಅತ್ತೆಗೆ ಹೇಳಿಕಳಿಸಿದ. ನಮ್ಮಲ್ಲಿ ಮುಯ್ಯಿ ಬೇಡವೆಂದರೆ ಮನೆಯ ಮುಖ ಬೇಡವೆಂದಂತೆ. ಅದು ಅಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅದನ್ನು ಗಟ್ಟಿತನ ಎಂದುಕೊಂಡ. ಅತ್ತೆ ಏನೆಂದುಕೊಂಡಾಳು ಎಂದು ನಾನು ಗೋಗರೆದೆ, ಜಗಳವಾಡಿದೆ, ಎರಡು ದಿನ ಉಣ್ಣದೆ ಕೂತೆ. ಗೋಡೆಗೆ ಹೇಳಿದ್ದರೂ ಸ್ವಲ್ಪ ಸುಣ್ಣ ಉದುರುತ್ತಿತ್ತು.

ತಿಂಗಳಾಗುವುದರೊಳಗೆ ಅತ್ತೆ ಹೊಲಕ್ಕೆ ಒಂದು ನಾಯಿ ತಂದು ಕಟ್ಟಿದಳು. ಅಪ್ಪನಿಗೆ ಅಷ್ಟು ಸಾಕಾಯಿತು. ಮನಸ್ಸಿನಲ್ಲಿ ಏನೂ ಇಲ್ಲದವಳು ನಾಯಿ ಯಾಕೆ ಸಾಕುತ್ತಾಳೆ ಎಂದು ನನ್ನನ್ನೇ ಕೇಳಿದ. ಅಯ್ಯೋ ಪುಣ್ಯಾತ್ಮ, ನೀನು ಬೇಲಿ ಹಾಕಿದ್ದಕ್ಕೆ!

ಆಮೇಲೆ ಸುದ್ದಿ ಬಂತು. ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಯ ಹುಡುಗಿಯನ್ನು ಅತ್ತೆ ತನ್ನ ಮಗನಿಗೆ ಗೊತ್ತು ಮಾಡಿದ್ದಾಳೆ. ನಾನು ಕೈಯ ಹಿಟ್ಟನ್ನೂ ತೊಳೆಯದೆ ಅವಳ ಮನೆಗೆ ನಡೆದೆ. ಬೈಯಬೇಕೆಂದೇ ಹೋಗಿದ್ದೆ. ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು, ನನ್ನ ಮುಖ ನೋಡಲಿಲ್ಲ.

"ನೀ ಬ್ಯಾಡಾಗಿ ಅಲ್ಲ, ಯವ್ವಾ. ನಿಮ್ಮಪ್ಪ ಇವತ್ತ ಬೇಲಿ ಹಚ್ಯಾನ, ನಾಳೆ ಹೊಲಕ್ಕ ಬಂದ್ರ ನನ್ನ ಮಗನ ಬೆನ್ನಿಗೆ ಯಾರದಾರ? ಆ ಹುಡುಗಿಗೆ ನಾಕು ಮಂದಿ ಅಣ್ಣದೇರು ಅದಾರ."

ಒಡಹುಟ್ಟಿದ ಅಣ್ಣನಿಗೆ ಅಂಜಿ ಸೊಸೆ ತರುವ ಹೆಂಗಸಿಗೆ ನಾನೇನು ಬೈಯಲಿ? ಅತ್ತೆಯ ಮಗ ದನದ ಕೊಟ್ಟಿಗೆಯಲ್ಲಿದ್ದ. ಮೇವು ಹಾಕುವ ಸದ್ದು ಕೇಳುತ್ತಿತ್ತು, ಅವನು ಹೊರಗೆ ಬರಲಿಲ್ಲ. ನಾನು ಅಳುತ್ತಲೇ ಮನೆಗೆ ಬಂದೆ.

ಅಷ್ಟೊತ್ತಿಗೆ ಅಪ್ಪನಿಗೂ ಸುದ್ದಿ ಮುಟ್ಟಿತ್ತು. ನನ್ನನ್ನು ಕಂಡವನೇ ತೊಡೆ ತಟ್ಟಿಕೊಂಡ.

"ನೋಡಿದೇನು? ಮಂದಿ ಕೂಡಿಸಾಕತ್ತಾಳ. ನಾ ಮೊದಲ ಅಂದಿದ್ದಿಲ್ಲೇನು?"

ಅವನ ಮುಖದಲ್ಲಿ ಸಂತೋಷವಿತ್ತು. ಮಗಳ ಮದುವೆ ಮುರಿದಿದೆ, ಈ ಮನುಷ್ಯ ತಾನು ಅಂದದ್ದು ಖರೆಯಾಯಿತೆಂದು ಹಿಗ್ಗುತ್ತಿದ್ದಾನೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಅಪ್ಪಾ, ನಾ ಆ ಮನಿ ಸೊಸಿ ಆಗಿದ್ರ ನಿನಗ ಬೇಲಿ ಯಾಕ ಬೇಕಾಗ್ತಿತ್ತು?"

ಅಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಆಮೇಲೆ ಬಾಗೇವಾಡಿಯ ಆ ನಾಲ್ವರು ಅಣ್ಣಂದಿರು ಹೇಗಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆಯೇ ಎಂದು ನನ್ನನ್ನೇ ಕೇಳಿದ.