ಹಂಡೆಯೊಲೆಯ ಪಕ್ಕದ ಗೋಡೆ

ಇವತ್ತು ಬೆಳಿಗ್ಗೆ ಗೀಸರ್ ಮುಷ್ಕರ ಹೂಡಿತು. ಎಲ್ಲರೂ ಸ್ವಿಚ್ಚು, ನಲ್ಲಿ ನೋಡುತ್ತಿದ್ದರೆ ನಾನು ಬಚ್ಚಲ ಗೋಡೆಗೆ ಅಂಗೈ ಒತ್ತಿ ನಿಂತೆ. ಸೊಸೆ ನಕ್ಕಳು: “ಗೋಡೆಗೆ ಜ್ವರ ಬಂದಿದೆಯಾ ಅತ್ತೆ?” ನೀವೂ ನಗಿ, ಬೇಸರವಿಲ್ಲ. ಎಲ್ಲಿ ಏನು ಕಾಯದಿದ್ದರೂ ನಾನು ಮೊದಲು ಮುಟ್ಟುವುದು ಗೋಡೆಯನ್ನೇ. ಅದು ಕೊಡಿಗೇನಹಳ್ಳಿಯ ತವರಿನಿಂದ ಬಂದ ಚಾಳಿ.

ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಅಪ್ಪನಿಗೆ ಮನೆಯಲ್ಲಿ ಏನಾದರೊಂದು ಕಿತಾಪತಿ ನಡೆಯುತ್ತಿರಬೇಕು. ನಾನು ಬಸುರಿಯೆಂಬ ಸುದ್ದಿ ಕೊರಟಗೆರೆಯ ಗಂಡನ ಮನೆಯಿಂದ ತಲುಪಿದ್ದೇ ತಡ, ಬಚ್ಚಲ ಹಂಡೆಯೊಲೆಗೆ ಹೊಸ ಹೊಗೆದಾರಿ ಕಟ್ಟಿಸಿದ. ಹೊಗೆ ಸೀದಾ ಮೇಲೇರದೆ, ಪಕ್ಕದ ಕೋಣೆಯ ಗೋಡೆಯೊಳಗೆ ಮಣ್ಣಿನ ಕೊಳವೆಗಳಲ್ಲಿ ಸುತ್ತಾಡಿ ಹಿತ್ತಿಲ ಕಡೆಯ ತೂತಿನಿಂದ ಹೊರಬೀಳುತ್ತಿತ್ತು. ಹಂಡೆ ಕಾದರೆ ಗೋಡೆಯೂ ಕಾಯುತ್ತಿತ್ತು. “ಪುಷ್ಯದ ಚಳಿ ನನ್ ಮೊಮ್ಮಗೂನ ಏನ್ ಮಾಡ್ತದೋ ನೋಡೇಬುಡ್ತೀನಿ” ಎಂದು ಅವನ ಜಂಬ. ಅಮ್ಮ ಹೋದಮೇಲೆ ನನ್ನನ್ನು ಸಾಕಿದ ಅಜ್ಜಿ, ಅಂದರೆ ಅಪ್ಪನ ತಾಯಿ, “ನನ್ ಮಗ ಹೊಗೆಗೆ ಅರಮನೆ ಕಟ್ಟವ್ನೆ” ಎಂದು ಕೇರಿಗೆಲ್ಲ ಸಾರಿ ನಗುತ್ತಿದ್ದಳು.

ನಾನು ತವರಿಗೆ ಬಂದ ಸ್ವಲ್ಪ ದಿನಕ್ಕೆ, ಏಳು ತಿಂಗಳಿಗೇ ಮಗು ಬಂದುಬಿಟ್ಟಿತು. ಗಂಡುಕೂಸು. ನರ್ಸಮ್ಮ “ಬೆಚ್ಚಗಿಡಿ, ಮಿಕ್ಕದ್ದು ದೇವರಿಗೆ ಬಿಟ್ಟದ್ದು” ಎಂದು ಹೋದಳು. ಬಿಸಿ ಗೋಡೆಗೂ ನನಗೂ ನಡುವೆ ಮಲಗಿ ಅದು ಕೆಲವು ದಿನ ಕೈಕಾಲು ಆಡಿಸಿತು.

ಒಂದು ಬೆಳಿಗ್ಗೆ ಗೋಡೆ ತಣ್ಣಗಿತ್ತು. ಹೊಗೆಯೆಲ್ಲ ಬಚ್ಚಲಿಗೇ ವಾಪಸು. ಅಪ್ಪ ಮೊದಲು ಬೈದದ್ದು ಸೌದೆಯವನನ್ನು: “ಹಸಿ ಜಾಲಿ ಹಾಕವ್ನೆ ಬಡ್ಡೀಮಗ.” ಒಣಸೌದೆ ಉರಿಸಿದರೂ ಗೋಡೆ ಕಾಯಲಿಲ್ಲ. ಒಲೆಯ ಬೂದಿ ತೋಡಿ ತೆಗೆದ. ಬಿದಿರ ಗಳಕ್ಕೆ ಗೋಣಿ ಸುತ್ತಿ ಒಲೆಯ ಕಡೆಯಿಂದ ತಿವಿದ, ಮುಖವೆಲ್ಲ ಮಸಿಯಾಯಿತು, ಅಷ್ಟೇ. ಕೆಂಡದ ಅಗ್ಗಿಷ್ಟಿಕೆ ತಂದಿಟ್ಟರೆ ಕೂಸು ಕೆಮ್ಮುತ್ತಿತ್ತು. ಅದನ್ನು ಎದೆಗೊತ್ತಿಕೊಂಡು ಗಳಿಗೆಗೊಮ್ಮೆ ಗೋಡೆ ಮುಟ್ಟಿ ನೋಡುತ್ತಿದ್ದೆ.

ಕೊಳವೆಯೇ ಕುಸಿದಿರಬೇಕೆಂದು ಅಪ್ಪ ಮರುದಿನ ಹಿತ್ತಿಲಿನಿಂದ ಗೋಡೆ ಒಡೆಯಲು ಸೌದೆರಾಶಿ ಸರಿಸಿದ. ಸ್ವಲ್ಪ ಹೊತ್ತಿಗೆ ಗೋಡೆ ಬೆಚ್ಚಗಾಗತೊಡಗಿತು. ಅಷ್ಟರಲ್ಲಿ ಕೂಸು ತಣ್ಣಗಾಗಿತ್ತು.

“ಸಿಕ್ತು ಕಣಮ್ಮ!” ಎನ್ನುತ್ತ ಒಳಗೆ ಬಂದ ಅಪ್ಪ ನನ್ನ ಮುಖ ನೋಡಿ ನಿಂತುಬಿಟ್ಟ. ಅವನ ಕೈಯಲ್ಲಿ ಒಣಗಿದ ಸಗಣಿ ಹೆಂಟೆ, ಅದರ ಮೇಲೆ ಬೆರಳಚ್ಚು. ಬಾಣಂತಿಗೆ ಗಾಳಿ ಸೋಕಬಾರದೆಂದು ಅಜ್ಜಿ ಕೋಣೆಯ ಒಳಹೊರಗಿನ ಬಿರುಕು, ಇಲಿಬಿಲಗಳನ್ನೆಲ್ಲ ಸಗಣಿಯಿಂದ ಮೆತ್ತುತ್ತಿದ್ದಳು. ಕಣ್ಣು ಮಂಜು. ಒಲೆ ಆರಿದ್ದ ಹೊತ್ತಿನಲ್ಲಿ, ಸೌದೆಯ ಹಿಂದಿದ್ದ ಹೊಗೆಯ ತೂತನ್ನೂ ಬಿಲವೆಂದೇ ಮುಚ್ಚಿದ್ದಳು.

ಅಪ್ಪ ಅಲ್ಲೇ ಕುಕ್ಕರಿಸಿದ. “ಒಳಗೆ ಮಸಿ ಕಟ್ಕಂಡಿತ್ತು ಅಂದ್ಬುಡಾನ ಕಣಮ್ಮ. ಅವ್ವಂಗೆ ಗೊತ್ತಾದ್ರೆ ಅವ್ಳು ಉಳಿಯಾಕಿಲ್ಲ.”

ಹೂಂ ಎಂದೆ. ಮನಸ್ಸಿನಲ್ಲಿ ಅಜ್ಜಿಯನ್ನು ಶಪಿಸಿದೆ, ಸುಳ್ಳೇಕೆ ಹೇಳಲಿ. ಬೆಚ್ಚಗಿದ್ದರೂ ಉಳಿಯುವ ಕೂಸಲ್ಲ ಎಂದಳು ನರ್ಸಮ್ಮ. ಅದು ನಿಜವೋ ಸಮಾಧಾನವೋ ಇವತ್ತಿಗೂ ಗೊತ್ತಿಲ್ಲ. ಅಪ್ಪ ಮಾತ್ರ ಬಂದವರ ಮುಂದೆಲ್ಲ “ನಾನು ಕಟ್ಟಿಸಿದ್ದೇ ಸರಿಯಿರ್ಲಿಲ್ಲ” ಎಂದು ತಪ್ಪು ಹೊತ್ತುಕೊಂಡ.

ವರ್ಷಗಳು ಕಳೆದು ಅಜ್ಜಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಅಪ್ಪ ಹೊಲಕ್ಕೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ನನ್ನನ್ನು ಹತ್ತಿರ ಕರೆದಳು. “ಆ ತೂತು ಮುಚ್ಚಿದ್ದು ನಾನೇ ಕಣಮ್ಮ. ಕಿತ್ತಾಕಿದ್ ಸಗಣಿ ಚೂರು ಹಿತ್ಲಾಗೆ ಕಾಲಿಗೆ ಸಿಕ್ತು, ಅವತ್ತೇ ಮುಟ್ಟಿ ನೋಡ್ದೆ. ನಿಮ್ಮಪ್ಪ ನನ್ನ ಕಾಪಾಡ್ದೆ ಅಂದ್ಕಂಡವ್ನೆ. ಅಂಗೇ ಅಂದ್ಕಂಡಿರ್ಲಿ ಬುಡು, ಹೇಳ್ಬ್ಯಾಡ.”

ಅವಳಿಗೂ ಹೂಂ ಎಂದೆ. ನಾನು ಶಪಿಸಿದ್ದ ಆ ಬೆರಳುಗಳು ತಣ್ಣಗಿದ್ದವು. ಉಜ್ಜಿ ಬೆಚ್ಚಗೆ ಮಾಡುತ್ತ ಕುಳಿತೆ.

ಈಗ ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ, ಯಾರಿಂದ ಮುಚ್ಚಿಡಲಿ? ಇವತ್ತು ಬಚ್ಚಲ ಬಾಗಿಲಲ್ಲಿ, ಗೋಡೆಗೆ ಕೈಯಿಟ್ಟೇ ನಿಂತು ಸೊಸೆಗೆ ಎಲ್ಲ ಹೇಳಿದೆ. ಅವಳ ನಗು ಯಾವಾಗಲೋ ನಿಂತಿತ್ತು. ಗ್ಯಾಸಿನ ಮೇಲೆ ನನ್ನ ಸ್ನಾನಕ್ಕೆ ನೀರಿಟ್ಟು ಬಂದು ಕೇಳಿದಳು: “ಅವರು ಒಬ್ಬರನ್ನೊಬ್ಬರು ಕಾಪಾಡಿದರು. ನಿಮ್ಮನ್ನು ಯಾರು ಕಾಪಾಡಿದರು, ಅತ್ತೆ?”

ಅಳು ಬಂತು. ಅವಳು ನನ್ನ ಕೈಯನ್ನು ಗೋಡೆಯಿಂದ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು.